ಸಜ್ಜೆ ರೊಟ್ಟಿಗೆ ಚಿಯಾ ಹಚ್ಚಿದ ಪ್ರಕರಣ

ಮನುಷ್ಯನ ಆಯುಷ್ಯ ಅವನು ತಿನ್ನುವುದರ ಮೇಲೆ ನಿಂತಿದೆ ಎಂಬ ಗಂಭೀರ ಸತ್ಯ ನನಗೆ ಹೊಳೆದದ್ದು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ. ಅಲ್ಲಿಯವರೆಗೆ, ಹೊಳೆಯದೆಯೂ, ಆರೋಗ್ಯವಾಗಿಯೇ ಇದ್ದೆ.

ಈ ಸತ್ಯವನ್ನು ತಂದವನು ಆಳಂದದ ನನ್ನ ಷಡ್ಡಕ. "ಮುಂಜಾನೆ ಒಂದು ಚಮಚಾ ಚಿಯಾ ಬೀಜ ನೆನಸಿ ಕುಡೀರಿ ಅಣ್ಣಾರ. ನಾರಿನಂಶ ಭಾಳ ಇರ್ತದ. ಹೊಟ್ಟಿ ತುಂಬಿದಂಗ ಇರ್ತದ, ಹಾರ್ಟಿಗೂ ಚಲೋ," ಎಂದ. ಹೇಳುವವನ ಹೊಟ್ಟೆ ಅವನಿಗಿಂತ ಮೊದಲೇ ಹೊಸ್ತಿಲು ದಾಟಿ ಬಂದಿತ್ತು. ಅದನ್ನು ನಾನು ಸಾಕ್ಷ್ಯವೆಂದು ಪರಿಗಣಿಸಲಿಲ್ಲ.

ಜೇವರ್ಗಿಯ ಕಿರಾಣಿ ಅಂಗಡಿಯವನು ಪುಡಿಕೆ ಕಟ್ಟುತ್ತ ಕೇಳಿದ: "ರಿಟೈರಾದ ಮಾಸ್ತರ ಮಂದಿ ಎಲ್ಲಾ ಇದನ್ನೇ ಒಯ್ಯಾಕತ್ತೀರಿ. ಪೆನ್ಶನ್ ಜೋಡಿ ಬರದು ಕೊಡ್ತಾರೇನ್ರಿ?"

ನೆನೆದ ಲೋಟವನ್ನು ನನ್ನ ಹೆಂಡತಿ ಸುಭದ್ರಾ ಬೆಳಕಿಗೆ ಹಿಡಿದು ನೋಡಿದಳು. "ಇದೇನ್ರಿ, ಕಪ್ಪಿ ತತ್ತಿ ಇಟ್ಟಂಗ ಅದ?"

"ಇದು ವಿಜ್ಞಾನ," ಎಂದೆ.

"ಹಂಗಾರ ವಿಜ್ಞಾನದ ಲೋಟ ನೀವೇ ತಿಕ್ರಿ."

ತಿಕ್ಕಿದೆ. ಆದರೆ ಕೊಂಡು ತಿನ್ನುವುದು ರೈತನ ಮಗನಿಗೆ ಶೋಭೆಯಲ್ಲವೆಂದು ಭಾದ್ರಪದದ ಕೊನೆಗೆ ಹಿತ್ತಲಲ್ಲಿ ಬಿತ್ತಿಯೂಬಿಟ್ಟೆ. ಬೀಜವನ್ನು ಆಳಕ್ಕೆ ಹೂಳದೆ ಮಣ್ಣಿನ ಮೇಲೆ ಉದುರಿಸಿ ಹಗುರಾಗಿ ನೀರು ಚಿಮುಕಿಸಬೇಕು. ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ! ಗಿಡ ಸೊಂಟದೆತ್ತರ ಬಂತು. ಪಕ್ಕದ ಮನೆಯ ಮೆಹಬೂಬನ ಆಡು ಬೇಲಿ ಮುರಿದು ಬಂದು, ಎಲೆ ಮೂಸಿ, ತಿರುಗಿ ಹೋಗಿ ಹಗ್ಗದ ಮೇಲಿನ ನನ್ನ ಟವೆಲ್ ತಿಂದಿತು.

"ಆಡು ಸೈತ ಒಲ್ಲೆ ಅನ್ನಾಕತ್ತದ. ನೀವು ತಿಂತೀರೇನ್ರಿ ಮಾಸ್ತರ್ ಸಾಬ್?" ಎಂದ ಮೆಹಬೂಬ.

"ನಿನ್ನ ಆಡು ಸಾಲಿ ಕಲ್ತಿಲ್ಲೋ," ಎಂದೆ.

ಎಳ್ಳ ಅಮಾವಾಸ್ಯೆಗೆ ಸರಿಯಾಗಿ ಒಂದು ಸೇರು ಬೀಜ ಕೈಗೆ ಬಂತು. ಪ್ರತಿ ವರ್ಷ ಆ ದಿನ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಅಫಜಲಪುರದಿಂದ ಮಗಳ ಅತ್ತೆ ಮಾವ ನಮ್ಮ ಹೊಲಕ್ಕೆ ಬರುತ್ತಾರೆ. "ಇಂಥ ಸಜ್ಜಿ ರೊಟ್ಟಿ ನಮ್ಮ ತಾಲ್ಲೂಕಿನಾಗ ಯಾರಿಗೂ ಬರಂಗಿಲ್ಲ," ಎಂದು ಬೀಗಿತಿ ಗುರುಬಾಯಿ ಒಮ್ಮೆ ಅಂದಿದ್ದರು. ಸುಭದ್ರಾ ಆ ಒಂದು ಮಾತಿನ ಮೇಲೆ ಆರು ವರ್ಷದಿಂದ ಬದುಕುತ್ತಿದ್ದಳು.

ಹಬ್ಬದ ಮುಂಜಾನೆ ಒಲೆಯ ಪಕ್ಕ ಕರಿ ಎಳ್ಳಿನ ತಾಟು ಇತ್ತು. ಬೀಗರೇಕೆ ನಾರಿನಂಶದಿಂದ ವಂಚಿತರಾಗಬೇಕು? ಸುಭದ್ರಾ ನೀರು ತರಲು ಎದ್ದಾಗ ಅರ್ಧ ಸೇರು ಚಿಯಾ ಸುರಿದು ಕಲಸಿದೆ. ಕಪ್ಪಿನಲ್ಲಿ ಕಪ್ಪು. ಯಾರಿಗೂ ತಿಳಿಯುವಂತಿರಲಿಲ್ಲ.

ಸಜ್ಜೆ ರೊಟ್ಟಿ ಬಡಿಯುವಾಗ ಒದ್ದೆ ಕೈಯಲ್ಲಿ ಎಳ್ಳು ತೆಗೆದು ಮೇಲೆ ಒತ್ತುತ್ತಾರೆ. ಮೊದಲ ಹತ್ತು ರೊಟ್ಟಿ ನಿರ್ವಿಘ್ನವಾಗಿ ಸಾಗಿದವು. ಆಮೇಲೆ ಕೂಗು ಕೇಳಿತು: "ರೀ! ರೊಟ್ಟಿ ಕೈ ಬಿಡವಲ್ದು!"

ಎಳ್ಳಿಗೆ ನೀರು ಕುಡಿಯಲು ಬರುವುದಿಲ್ಲ. ಚಿಯಾಕ್ಕೆ ಬೇರೇನೂ ಬರುವುದಿಲ್ಲ! ತಾಟಿನಲ್ಲಿ ಗಂಜಿ. ಸುಭದ್ರಾಳ ಕೈಗೆ ಗಂಜಿಯ ಕೈಗವಸು. ಅವಳು ತಾಟು ನೋಡಿದಳು, ನನ್ನನ್ನು ನೋಡಿದಳು.

"ಹಾಕೀರೇನು?"

"ಸ್ವಲ್ಪ."

"ಎಷ್ಟು?"

"ಅರ್ಧ ಸೇರು."

ಮನೆಯಲ್ಲಿ ಬೇರೆ ಎಳ್ಳಿರಲಿಲ್ಲ. ಹೊರಗೆ ಬೀಗರ ಜೀಪು ಹಾರ್ನ್ ಹೊಡೆಯಿತು. ಇದ್ದುದನ್ನೇ ಬೇಯಿಸಿ, ಬುಟ್ಟಿಗೆ ಒಟ್ಟಿ, ಹೊಲಕ್ಕೆ ಹೊರಟೆವು.

ಹೊಲದಲ್ಲಿ ಗುರುಬಾಯಿ ಒಂದು ರೊಟ್ಟಿ ಎತ್ತಿದರು. ಐದು ಬಂದವು.

"ಇದೇನು ಅಕ್ಕಾರ, ಈ ವರ್ಷ ರೊಟ್ಟಿ ಬುಕ್ಕಿನಂಗ ಹೊಲಿದೀರಲ್ಲ?"

ಸುಭದ್ರಾ ನನ್ನ ಕಡೆ ಬೆರಳು ತೋರಿಸಿದಳು. ನಾನು ಎದ್ದು ನಿಂತು ನಾರಿನಂಶದ ವಿಷಯ ಪ್ರಸ್ತಾಪಿಸಿದೆ. ಬೀಗರು ಬಾಯಿ ತೆರೆಯದೆ ಬಹಳ ಹೊತ್ತು ಅಗಿದರು. ಮೆಚ್ಚುಗೆಯೆಂದು ಭಾವಿಸಿದೆ. ಅವರು ಗಂಟಲು ತೋರಿಸಿದಾಗ ಓಡಿಹೋಗಿ ನೀರು ಕೊಟ್ಟೆ. ಕೊಡಬಾರದ್ದು ಅದನ್ನೇ!

ಬೀಗರು ಚೇತರಿಸಿಕೊಂಡ ಮೇಲೆ ಗುರುಬಾಯಿ ಮೆಲ್ಲಗೆ ತಮ್ಮ ಗಂಟು ಬಿಚ್ಚಿದರು. "ಇರಲಿ ಅಂತ ನಾಕು ಮಾಡ್ಕೊಂಡು ಬಂದಿದ್ದೆ, ತಪ್ಪು ತಿಳ್ಕೋಬ್ಯಾಡ್ರಿ." ತೆಳ್ಳಗೆ, ಕಡಕ್ಕಾಗಿ, ಮೈತುಂಬ ಎಳ್ಳು. ಸುಭದ್ರಾ ಒಂದು ಮುರಿದು ತಿಂದಳು.

"ಚಲೋ ಆಗ್ಯಾವ್ರಿ," ಎಂದಳು.

ಆರು ವರ್ಷದಲ್ಲಿ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಚಿಯಾ ಇನ್ನೂ ಅರ್ಧ ಸೇರು ಉಳಿದಿದೆ. ಮುಂದಿನ ಎಳ್ಳ ಅಮಾವಾಸ್ಯೆಗೆ ರೊಟ್ಟಿ ಅಫಜಲಪುರದಿಂದ ಬರುತ್ತವೆ.