ದೊರೆಯ ಹಣೆಗಿಟ್ಟ ಕುಂಕುಮ

ದುಡ್ಡು ಕೊಟ್ಟು ಪಡೆದ ಸಲಹೆಯನ್ನು ನಾನು ಯಾವತ್ತೂ ನಂಬಿದವನಲ್ಲ. ಬಿಟ್ಟಿ ಸಲಹೆ ಎಂದರೆ ಮಾತ್ರ ಕಣ್ಣುಮುಚ್ಚಿ ನಂಬುತ್ತೇನೆ. ನಿವೃತ್ತನಾದ ಮೇಲೆ ಊಟವಾದ ಕೂಡಲೇ ಮೊಬೈಲಿನಲ್ಲಿ ಅದು ದಿನವೂ ಸಿಗುತ್ತಿದೆ. ಖಡ್ಗಮೃಗದ ಚಿತ್ರವಿರುವ ನಾಲ್ಕಾಣೆ ಮನೆಯಲ್ಲಿದ್ದರೆ ನೀವು ಲಕ್ಷಾಧಿಪತಿ ಎಂದು ಯಾರೋ ಕೂಗಿ ಹೇಳಿದ್ದೇ ತಡ, ನನ್ನ ಕಣ್ಣು ದೇವರಕೋಣೆಯತ್ತ ಹೊರಳಿತು.

ಅಲ್ಲಿ ನನ್ನ ಹೆಂಡತಿ ಗಿರಿಜೆಯ ಪುಟ್ಟ ಡಬ್ಬಿಯಿದೆ. ಅವಳನ್ನು ಸಾಕಿ ಬೆಳೆಸಿದ ಅಜ್ಜಿ ತೀರಿಕೊಳ್ಳುವ ಮೊದಲು ಕೊಟ್ಟದ್ದು. ಒಳಗೆ ಖಡ್ಗಮೃಗದ ನಾಲ್ಕಾಣೆಗಳು, ಏಷ್ಯನ್ ಕ್ರೀಡಾಕೂಟದ ನೆನಪಿಗೆ ಸರ್ಕಾರ ಹೊರತಂದ ಒಂದು ನಾಲ್ಕಾಣೆ, ಎಲ್ಲಕ್ಕಿಂತ ಹಳೆಯದಾದ ಒಂದು ಬೆಳ್ಳಿಯ ಪಾವಲಿ. ಪಾವಲಿ ಎಂದರೂ ನಾಲ್ಕಾಣೆಯೇ. ಅದರ ಮೇಲೆ ಬ್ರಿಟಿಷ್ ದೊರೆಯ ತಲೆ. ಅಜ್ಜಿ ಅದನ್ನೇ ಲಕ್ಷ್ಮಿಯೆಂದು ಪೂಜಿಸುತ್ತಿದ್ದರಂತೆ. ಶುಕ್ರವಾರ ಶುಕ್ರವಾರ ಕುಂಕುಮ ಇಡಿಸಿಕೊಂಡು ಆ ಗಡ್ಡದ ದೊರೆ ಅಪ್ಪಟ ಮುತ್ತೈದೆಯಾಗಿಬಿಟ್ಟಿದ್ದ.

"ಒಂದ್ಸಲ ರೇಟ್ ಕೇಳ್ಕೊಂಡ್ ಬರ್ತೀನಿ, ಮಾರಲ್ಲ" ಎಂದೆ.

"ಹೆಂಗಿದ್ಯೋ ಹಂಗೇ ವಾಪಸ್ ತನ್ನಿ ರೀ" ಎಂದಳು.

ಹಾಗೇ ಒಯ್ದಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ. ನಮ್ಮದು ವಿಭೂತಿ ಧರಿಸುವ ಮನೆ. ಬೆಳ್ಳಿಯನ್ನೂ ವಿಭೂತಿಯಲ್ಲೇ ಉಜ್ಜುತ್ತೇವೆ. ಹಬ್ಬದ ಹಿಂದಿನ ದಿನ ಗೊಣಗುತ್ತಾ ಆ ಕೆಲಸ ಮಾಡುವವನು ನಾನೇ. ಆ ದಿನ ಮಾತ್ರ ಯಾರೂ ಹೇಳದೆಯೇ ಮಾಡಿದೆ. ನಾಲ್ಕು ಜನ ನೋಡುವ ಬೆಳ್ಳಿ ಮಂಕಾಗಿದ್ದರೆ ಮನೆಯ ಮರ್ಯಾದೆ ಏನಾಗಬೇಕು? ಗಿರಿಜೆ ತರಕಾರಿಗೆ ಹೋಗಿದ್ದಾಗ ದೊರೆಯ ಮೂಗು, ಕಿವಿ, ಗಡ್ಡ ಎಲ್ಲವನ್ನೂ ಹಳೆಯ ಬ್ರಶ್ಶಿನಿಂದ ತಿಕ್ಕಿ ತೊಳೆದೆ.

ಜಯನಗರದ ನಾಣ್ಯದ ಅಂಗಡಿಯವರು ಭೂತಗನ್ನಡಿ ಹಿಡಿದು ನೋಡಿದರು. "ಯಾರ್ ಸಾರ್ ಇದನ್ನ ಉಜ್ಜಿದ್ದು?"

"ನಾನೇ" ಎಂದೆ, ಹೆಮ್ಮೆಯಿಂದ.

"ಹಳೇ ಕಾಸಿಗೆ ಆ ಕಪ್ಪಿಂದಾನೇ ಬೆಲೆ ಸಾರ್. ಈಗ ಬರೀ ಬೆಳ್ಳಿ ತೂಕ. ಕ್ರೀಡಾಕೂಟದ್ದಕ್ಕೆ ಒಂದ್ ಕಾಫಿ ದುಡ್ಡು ಬರ್ಬೋದು. ಖಡ್ಗಮೃಗ ಎಲ್ಲರ ಮನೇಲೂ ಇದೆ, ನೀವೇ ಇಟ್ಕೊಳ್ಳಿ."

ಕೈಗೆ ಬಾರದ ಲಕ್ಷಕ್ಕೆ ಬಸ್ಸಿನಲ್ಲೇ ಮರುಗಿ ಮುಗಿಸಿ ಜೆ.ಪಿ. ನಗರದ ಮನೆಗೆ ಬಂದೆ. ಗಿರಿಜೆ ಬೆಲೆಯನ್ನೇ ಕೇಳಲಿಲ್ಲ. ಪಾವಲಿಯನ್ನು ಬೆಳಕಿಗೆ ಹಿಡಿದು, "ಅಜ್ಜಿ ಕೈಯಾರೆ ಇಟ್ಟಿದ್ ಕುಂಕುಮ ಕಣ್ರೀ. ಅಳಿಸೋಗುತ್ತೆ ಅಂತ ನಾನು ಮುಟ್ತಾನೂ ಇರ್ಲಿಲ್ಲ" ಎಂದಳು. ನನಗೆ ತುಂಬ ಸಂಕಟವಾಯಿತು. ಹೊಸ ಕುಂಕುಮ ತರುತ್ತೇನೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು.

ಮೊನ್ನೆ ಹಬ್ಬದ ಹಿಂದಿನ ದಿನ ಅವಳೊಬ್ಬಳೇ ಕೂತು ಬೆಳ್ಳಿ ದೀಪ ಉಜ್ಜುತ್ತಿದ್ದಳು. "ಕೊಡು, ನಾನು ಮಾಡ್ತೀನಿ" ಎಂದೆ.

"ಬೇಡ ರೀ, ನೀವು ಪೇಪರ್ ಓದಿ" ಎಂದಳು.

ಮದುವೆಯಾದಾಗಿನಿಂದ ಈ ಒಂದು ಮಾತಿಗಾಗಿ ಕಾದಿದ್ದೆ. ಪೇಪರ್ ಬಿಡಿಸಿ ಕೂತೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ.