ಇಬ್ಬರದೂ ಸೇರಿಸಿ ಹೇಳಿ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಗಾದೆ ನನ್ನ ಮೇಜಿನ ಮುಂದೆ ವಾರಕ್ಕೊಮ್ಮೆಯಾದರೂ ನಡೆಯುತ್ತೆ. ಕೂಸು ಬಡವಾದರೇನೇ ಇಲ್ಲಿ ವಿದ್ಯಾರ್ಥಿವೇತನ ಸಿಗೋದು, ಅದು ಬೇರೆ ಮಾತು. ನಾನು ಮೈಸೂರಿನವಳು. ಕೇಂದ್ರ ಸರ್ಕಾರದ ನೌಕರಿ ನನ್ನನ್ನ ಮೊದಲು ತಿರುವನಂತಪುರಕ್ಕೆ ಎಸೆದು, ಈಗ ಕೊಚ್ಚಿಯ ಕಳಮಶ್ಶೇರಿಗೆ ತಂದು ಕೂರಿಸಿದೆ. ವಿದ್ಯಾರ್ಥಿವೇತನದ ಅರ್ಜಿ ತಂದವರ ಮನೆಯ ಗಂಡ ಹೆಂಡತಿ ಇಬ್ಬರ ವರಮಾನ ಕೇಳಿ, ಕೂಡಿಸಿ ಬರೆದು, ಮಿತಿಯೊಳಗಿದೆಯಾ ಅಂತ ನೋಡೋದು ನನ್ನ ಕೆಲಸ. ಸಂಸಾರಸ್ಥರನ್ನ ಕೇಳಬಾರದ ಪ್ರಶ್ನೆ ಅಂತ ಒಂದಿದ್ದರೆ ಅದು ಇದೇ ಕಣ್ರೀ.

೧. ಒಂದೇ ದಿನ ಬರಬೇಕಾ?

ತಿರುವನಂತಪುರದಲ್ಲಿ ಒಬ್ಬರು ಮಗನ ಅರ್ಜಿ ತಂದರು. ಪಕ್ಕದಲ್ಲೇ ಹೆಂಡತಿ. ನಿಮ್ಮ ಸಂಬಳ ಎಷ್ಟು ಅಂತ ಕೇಳಿದೆ. ಆತ ಹೆಂಡತಿ ಕಡೆ ನೋಡಿ ಕಣ್ಣಲ್ಲೇ ಏನೋ ಸನ್ನೆ ಮಾಡಿದರು. ನನಗೆಲ್ಲಿ ತಿಳೀಬೇಕು? "ಜೋರಾಗಿ ಹೇಳಿ ಚೇಟ್ಟಾ" ಅಂದೆ; ಇಲ್ಲಿ ಅಣ್ಣನಿಗೆ ಚೇಟ್ಟಾ, ಅಕ್ಕನಿಗೆ ಚೇಚಿ.

ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದರು: "ಇಬ್ಬರ ವರಮಾನ ಸೇರಿಸಬೇಕು, ಸರಿ ಚೇಚಿ. ಆದರೆ ಇಬ್ಬರೂ ಒಂದೇ ದಿನ ಬಂದು ಹೇಳಬೇಕು ಅಂತ ಕಾನೂನಿದೆಯಾ?"

೨. ಸೊನ್ನೆ

ಕಳಮಶ್ಶೇರಿಗೆ ಬಂದ ಮೇಲಿನದು. ಆಲುವದ ದಂಪತಿ ಮಗಳ ಅರ್ಜಿ ತಂದಿದ್ದರು. ಹೆಂಡತಿಯ ವರಮಾನ ಎಷ್ಟು ಅಂದೆ. ಗಂಡ ತಲೆಯೂ ಎತ್ತದೆ "ಸೊನ್ನೆ" ಅಂದ.

"ಸೊನ್ನೆಯಾ?" ಅಂತ ಆಕೆ ಶುರುಮಾಡಿದರು ನೋಡಿ! "ಹೊಲಿದುಕೊಡೋ ಬ್ಲೌಸು ಯಾರದ್ದು? ಬೇಕರಿಗೆ ಹಾಕೋ ಅಚ್ಚಪ್ಪಂ ತಿಂಡಿ ಯಾರದ್ದು? ನಿಮ್ಮ ಬೈಕಿನ ಪೆಟ್ರೋಲು ಯಾರ ದುಡ್ಡು?"

ನಾನು ಬರೆಯುತ್ತಾ ಹೋದೆ. ಮೊತ್ತ ಏರಿದಂತೆಲ್ಲ ಗಂಡನ ಮುಖ ಹುಳ್ಳಗಾಯ್ತು. "ಸಾಕು ನಿಲ್ಲಿಸೇ, ಮಗಳ ಸ್ಕಾಲರ್‌ಶಿಪ್ಪು ಹೋಗುತ್ತೆ!" ಅಂದ. ಪುಣ್ಯಕ್ಕೆ ಮಿತಿಯೊಳಗೇ ನಿಂತಿತು. ಇಷ್ಟು ವರ್ಷ ಆಕೆಯ ದುಡಿಮೆಯನ್ನ ಯಾರೂ ಕೂಡಿಸಿಯೇ ನೋಡಿರಲಿಲ್ಲ.

ಆಕೆ ಮಾತ್ರ ಗತ್ತಿನಲ್ಲಿ ಎದ್ದು ನಿಂತು, "ನೀವು ಬರೆದ ಲೆಕ್ಕದ್ದೊಂದು ಜೆರಾಕ್ಸ್ ಕೊಡಿ ಮೇಡಂ, ಫ್ರಿಜ್ ಮೇಲೆ ಅಂಟಿಸ್ಬೇಕು" ಅಂದರು.

೩. ಮದುವೆ ಮಾತಿನ ಸಂಬಳ

ಹೋದ ವರ್ಷ ಒಬ್ಬ ಕನ್ನಡದ ಹುಡುಗಿ ಬಂದಳು. ಇಲ್ಲೇ ಎಂಎಸ್ಸಿ ಓದುತ್ತಿದ್ದವಳು, ಹೊಸದಾಗಿ ಮದುವೆಯಾಗಿತ್ತು. ಜೊತೆಗೆ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಗಂಡ, ಮಗಳನ್ನ ನೋಡಲು ತುಮಕೂರಿನಿಂದ ಬಂದಿದ್ದ ಅಪ್ಪ.

"ನಮ್ಮನೆಯವರು ಸಂಬಳ ದೊಡ್ಡದು ಅಂತಾರೆ, ಫೀಸು ಕಟ್ಟೋಕೆ ಮಾತ್ರ ಆಗ್ತಿಲ್ಲ ಅಂತಾರೆ. ಇದು ಸಿಗದಿದ್ರೆ ನಾನು ಓದು ಬಿಡ್ಬೇಕು ಮೇಡಂ" ಅಂದಳು.

ಮದುವೆಯಾದವಳಿಗೆ ಅಪ್ಪನ ವರಮಾನ ಲೆಕ್ಕವಿಲ್ಲ, ಗಂಡ ಹೆಂಡತಿಯದ್ದೇ ಲೆಕ್ಕ ಅಂದೆ, ಮಿತಿ ಎಷ್ಟೆಂದೂ ಹೇಳಿದೆ. ಅಳಿಯ ಬಾಯಿ ತೆರೆಯುವ ಮೊದಲೇ ಮಾವನವರು "ಬರ್ಕೊಳ್ಳಿ ಮೇಡಂ, ನಮ್ಮ ಅಳಿಯಂದಿರ ಸಂಬಳ ಊರಿಗೆಲ್ಲ ಗೊತ್ತು" ಅಂತ ಎದೆಯುಬ್ಬಿಸಿ ಹೇಳಿಯೇಬಿಟ್ಟರು. ಅಬ್ಬಾ! ಮಿತಿ ದಾಟಿ ಎಲ್ಲೋ ಹೋಗಿತ್ತು.

"ಹಾಗಾದ್ರೆ ಸಿಗಲ್ಲಮ್ಮಾ" ಅಂದೆ. ಹುಡುಗಿ ಅರ್ಜಿ ಮಡಚಿಕೊಂಡು ಎದ್ದಳು.

"ಕೂತ್ಕೋ" ಅಂದ ಗಂಡ. ಕಿವಿಯೆಲ್ಲ ಕೆಂಪು. "ಅದು ಮದುವೆ ಮಾತುಕತೇಲಿ ಹೇಳಿದ ಸಂಬಳ ಮೇಡಂ. ನಿಜವಾಗಿ ಬರೋದು ಅದರ ಅರ್ಧ." ಬ್ಯಾಗಿನಿಂದ ಸಂಬಳದ ಚೀಟಿ ತೆಗೆದು ಮೇಜಿನ ಮೇಲಿಟ್ಟ.

ಮಾವನವರು ಚೀಟಿ ಎಳೆದುಕೊಂಡು ಎರಡೆರಡು ಸಲ ಓದಿದರು. ಸುಳ್ಳು ಹೇಳಿ ಮದುವೆಯಾದದ್ದು ತಪ್ಪೇ, ಬೈಯಬೇಕಾದದ್ದೇ. ಆದರೆ ಸುಮ್ಮನಿದ್ದಿದ್ದರೆ ಅವನ ಮಾನ ಉಳೀತಿತ್ತು, ಅವಳ ಓದು ಹೋಗ್ತಿತ್ತು. ಅದಕ್ಕೇ ಆ ಹುಡುಗನ ಮೇಲೆ ನನಗೆ ಪ್ರೀತಿ ಉಕ್ಕಿತು.

ಹುಡುಗಿ ಚೀಟಿ ನೋಡಿದಳು, ಗಂಡನನ್ನ ನೋಡಿದಳು. "ಇಷ್ಟು ಸಂಬಳಕ್ಕೆ ಸಿಗುತ್ತಾ ಮೇಡಂ?"

"ಖಂಡಿತ ಸಿಗುತ್ತೆ."

ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನೀವು ಹೇಳಿದ ದೊಡ್ಡ ಸಂಬಳವನ್ನೇ ಬರೆಸಿದ್ರೆ ನನ್ನ ಓದು ನಿಂತೇಹೋಗ್ತಿತ್ತು. ನನಗೆ ಈ ಬಡವನೇ ಇರ್ಲಿ ಬಿಡಿ."

ಆಮೇಲೆ ಗಂಡನ ಕೈಗೆ ಪೆನ್ನು ಕೊಟ್ಟಳು. "ನೀವು ಸೈನ್ ಮಾಡಿ. ಮನೆಗೆ ನಡೀರಿ, ಸುಳ್ಳು ಹೇಳಿದ್ದಕ್ಕೆ ಅಲ್ಲಿದೆ ನಿಮಗೆ."