ಸಾಹುಕಾರರ ಹಗುರ ಗಾಲಿ, ಮುಂದಿನ ಸೀಟಿನ ಹಿರಿಯಾಕಿ

ಆಳಂದದಾಗ ಗಾಡಿ ರಿಪೇರಿ ಮಿಸ್ತ್ರಿ ಅಂಗಡಿ ಎದುರಿಗೆ ಇಪ್ಪತ್ತು ವರ್ಷ ಚಹಾ ಮಾರೇನಿ. ಅಲ್ಲಿ ಕುಂತವರು ಸುದ್ದಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೆಟ್ಟ ಗಾಡಿ ದೂಡಿಸಿಕೊಂಡು ಬಂದಂಗ ಸುದ್ದೀನೂ ತಾನೇ ಬಂದು ಎದುರಿಗೆ ನಿಲ್ತದ. ನಾನು ಕಲಿತದ್ದು ಎರಡನೇ ಇಯತ್ತೆ. ಆದ್ರ ಯಾವ ಗಾಡಿ ಕೆಡಾಕತ್ತದ, ಯಾವ ಮನಿ ಕೆಡಾಕತ್ತದ ಅನ್ನೋದು ಸಪ್ಪಳದ ಮ್ಯಾಲ ಹೇಳ್ತೇನಿ. ಬ್ಯಾಳಿ ಮಿಲ್ಲಿನ ಸಾಹುಕಾರರದು ಮಾತ್ರ ಎರಡೂ ಸಪ್ಪಳ ಕೂಡೇ ಬಂದವು.

೧. ಗಾಲಿ ಆರಿಸಿದ್ದು

ಸಾಹುಕಾರರ ಮೊದಲನೇ ಹೆಂಡ್ತಿಗೆ ಒಂದೇ ಆಸೆ ಇತ್ತು. "ಒಮ್ಮೆ ಕಾರಿನ್ಯಾಗ ಕುಂದ್ರಸ್ರಿ" ಅಂತಿದ್ಳು. ಇವರು "ಆಗಲಿ, ಆಗಲಿ" ಅಂತ ಹನ್ನೆರಡು ವರ್ಷ ಕಳದ್ರು. ಆಕಿ ಬ್ಯಾನಿ ಬಿದ್ದು ತವರಿಗೆ ಹೋದಾಕಿ ಅಲ್ಲೇ ಸತ್ಳು. ಆಕಿ ಬಂಗಾರದ ಪಾಟ್ಲಿ, ಬಿಲ್ವಾರ ಇವರ ತಿಜೋರ್ಯಾಗ ಉಳದಿದ್ವು. ಅವನ್ನ ಕರಗಿಸಿ ಕಾರು ತಂದ್ರು. ಅದರ ಹಿಂದಿಂದನ ಎರಡನೇ ಹೆಂಡ್ತೀನೂ ತಂದ್ರು.

ದಿನಾ ಆ ಕಾರಿನ್ಯಾಗ ಅಫಜಲಪುರ, ಜೇವರ್ಗಿ ಕಡೆ ತೊಗರಿ ನೋಡಾಕ ಹೋಗೋರು. ಅದೇ ದಾರ್ಯಾಗ ಸತ್ತಾಕಿ ತಮ್ಮ ಜೀಪು ಓಡಸ್ತಿದ್ದ. ಅಕ್ಕನ ಬಂಗಾರದ ಸಿಟ್ಟು ಅವನಿಗೆ. ದಿನಾ ಹಾರ್ನ್ ಹೊಡದು, ಕಾರು ಹಿಂದ ಹಾಕಿ, ಕಿಡಕ್ಯಾಗಿಂದ ಕೆಂಪಗ ಎಲಿ ಉಗುಳಿ ಹೋಗಾಂವ. ಸಾಹುಕಾರ್ರು ಆ ಕಲಿ ತೊಳದು ತೊಳದು ಬ್ಯಾಸತ್ತು, ಸೋಲಾಪುರದಾಗ ಎಂಜಿನ್ ಬಲಾ ಮಾಡಿಸಿದ್ರು. ಉಳದಿದ್ದು ಒಂದು ಗಾಲಿ.

ಮಿಸ್ತ್ರಿ ಆ ಗಾಲಿ ಬಿಚ್ಚಿ ನನ್ನ ಬೆಂಚಿನ ಮ್ಯಾಲ ಇಟ್ಟ. ಸೀಮಿಸುಣ್ಣದ ಖಡೂಲೆ ಮೂರು ಗೆರಿ ಹಾಕ್ದ.

"ಇದು ಫ್ಲೈವ್ಹೀಲ್. ಎಂಜಿನ್ನಿನ ಬೆನ್ನಿಗೆ ತಿರಗ್ತದ. ಅಂಚಿನ ಕಬ್ಬಿಣ ಲೇಥಿಗೆ ಹಾಕಿ ತೆಗದ್ರ ಗಾಡಿ ಲಗೂನ ಏಳ್ತದ. ಈ ಗೆರಿತನಕ ಸ್ವಲ್ಪ. ಇಲ್ಲಿತನಕ ಮೂರರಾಗ ಒಂದು ಪಾಲು. ಇದು ಅರ್ಧ."

"ಅರ್ಧಾ ತೆಗಿ."

"ನಕ್ಕೋ ಸಾಹುಕಾರ್, ಬ್ಯಾಡ್ರಿ. ಅರ್ಧಾ ರೇಸಿನವರಿಗೆ. ನೀವು ದಿನಾ ಓಡಸೋರು. ದಾರ್ಯಾಗ ಎಮ್ಮಿ ನಿಲ್ತಾವ, ಕಬ್ಬಿನ ಬಂಡಿ ನಿಲ್ತಾವ. ನಿಂತು ನಿಂತು ಎಬ್ಬಿಸಬೇಕಂದ್ರ ಗಾಲಿಗೆ ತೂಕ ಬೇಕ್ರಿ. ಬಾಳ ತೆಳ್ಳಗ ಮಾಡಿದ್ರ ಸಿಡೀತದ, ನಿಮ್ಮ ಕಾಲೂ ಉಳಿಯಂಗಿಲ್ಲ."

ನನಗ ತಿಳೀತು. ಭಾರ ಬೀಸುಕಲ್ಲು ಕೈ ಬಿಟ್ರೂ ಎರಡು ಸುತ್ತು ತಾನೇ ತಿರಗ್ತದ. ಹಗುರ ಕಲ್ಲು ಜೋರು ಓಡ್ತದ, ಕೈ ಬಿಟ್ಟ ಕೂಡ್ಲೆ ನಿಲ್ತದ. ಹಂಗಂತ ಹೇಳ್ದೆ. ಸಾಹುಕಾರ್ರು, "ನೀ ಚಹಾ ಸೋಸಬೇ" ಅಂದ್ರು.

ದಿನಾ ಬಂದು ಗಾಲಿ ಮುಂದ ಕುಂದ್ರೋರು. ಒಂದು ಗೆರಿ ಅಳಸೋರು, ಇನ್ನೊಂದು ಎಳಿಯೋರು, ಮನಿಗೆ ಹೋಗಿ ವಿಚಾರ ಮಾಡಿ ಬರೋರು. ಎಂಟನೇ ದಿನಕ್ಕ ಮೂರರಾಗ ಒಂದು ಪಾಲು ಅಂತ ನಿಕ್ಕಿ ಆತು. ಎರಡನೇ ಹೆಂಡ್ತಿ ಆರಿಸಾಕ ಈ ಮನುಷ್ಯಾಗ ಒಂದು ಮಧ್ಯಾಹ್ನ, ಒಂದು ತಾಟು ಉಪ್ಪಿಟ್ಟು ಸಾಕಾಗಿತ್ತು.

೨. ಪೈಜಣ

ಗಾಲಿ ಕುಂದ್ರಿಸಿದ ದಿನ ಸಂಜಿಮುಂದ ಕಾರು ನನ್ನ ಅಂಗಡಿ ಎದುರಿಗೆ ನಿಂತಿತ್ತು. ಎಂಜಿನ್ ಚಾಲೂ ಇತ್ತು. ಸಾಹುಕಾರ್ರು ಗೇರು ಬಿಡಿಸಿ, ಕ್ಲಚ್ಚಿನ ಮ್ಯಾಲಿಂದ ಕಾಲು ತೆಗದ್ರು. ಒಳಗಿಂದ ಛಣ್, ಛಣ್, ಛಣ್ ಅಂತ ಸಪ್ಪಳ ಬರಾಕತ್ತಿತು. ಗಟ್ಟಿ ಬೆಳ್ಳಿ ಪೈಜಣ ಹಾಕ್ಕೊಂಡ ಹೆಣ್ಣಮಗಳು ಕುಂತಲ್ಲೇ ಕಾಲು ಅಲಗಾಡಿಸಿದಂಗ.

ಬೆಂಚಿನ ಮ್ಯಾಲಿನವರು ಕಪ್ಪು ಕೆಳಗಿಟ್ರು. ಯಾಕಂದ್ರ ಎಲ್ಲರಿಗೂ ಗೊತ್ತಿತ್ತು. ಸತ್ತಾಕಿ ಕಾಲು ಬಾತು, ಪೈಜಣ ಬಿಚ್ಚಾಕ ಬಂದಿರಲಿಲ್ಲ. ಹಂಗೇ ಕಾಲಾಗ ಇಟ್ಟು ಮಣ್ಣು ಮಾಡಿದ್ರು.

"ಕ್ಲಚ್ ಒತ್ರಿ," ಅಂದ ಮಿಸ್ತ್ರಿ. ಒತ್ತಿದ್ರು. ಸಪ್ಪಳ ನಿಂತಿತು. ಬಿಟ್ರು. ಛಣ್, ಛಣ್.

"ಗೇರಿನ ಹಲ್ಲು ಒಂದಕ್ಕೊಂದು ಬಡೀತಾವ್ರಿ," ಅಂದ. "ಎಂಜಿನ್ನಿನ ನಡುಕ ಮೊದಲು ಭಾರ ಗಾಲಿ ನುಂಗತಿತ್ತು. ಹಗುರ ಗಾಲಿ ನುಂಗಂಗಿಲ್ಲ. ಇದು ಹಿಂಗೇ ಇರ್ತದ."

ಯಾರೂ ಕೇಳಲಿಲ್ಲ. ಹೊತ್ತು ಮುಳುಗಾಕತ್ತಿತ್ತು. ಒಬ್ಬೊಬ್ಬರೇ ಎದ್ದು, ಕಾರಿನ ಹತ್ರ ಹೋಗದ ಸುತ್ತು ಹಾಕಿ ಮನಿ ಹಿಡದ್ರು. ನಾನು ಮಿಸ್ತ್ರಿಗೆ ಹೇಳ್ದೆ, "ಆಕಿ ಬದುಕಿದ್ದಾಗ ಬಾತ ಕಾಲು ಒಂದಿನಾ ಒತ್ತಲಿಲ್ಲ. ಈಗ ಸಿಗ್ನಲ್ಲಿಗೆ, ಎಮ್ಮಿಗೆ, ಬಂಡಿಗೆ ನಿಂತಲ್ಲೆಲ್ಲಾ ಕ್ಲಚ್ ಒತ್ತಿ ಸಮಾಧಾನ ಮಾಡ್ಲಿ ಬಿಡು."

೩. ಹಳ್ಳದ ತಿರುವು

ಅಫಜಲಪುರದ ದಾರ್ಯಾಗ ಒಂದು ಹಳ್ಳ ಬರ್ತದ. ಹಳ್ಳ ದಾಟಿ ಏರೋ ತಿರುವಿನ್ಯಾಗ ಸತ್ತಾಕಿ ತವರಿನವರ ಹೊಲ. ಬದುವಿನ ಮ್ಯಾಲ ಆಕಿ ಸಮಾಧಿ. ಮೆಲ್ಲಕ ಹೋಗಬೇಕಾದ ಜಾಗ ಅದು. ಕಾರು ದಿನಾ ಅಲ್ಲೇ ಬಂದಾಗತಿತ್ತು.

ಒಂದಿನ ಹೊಸ ಹೆಂಡ್ತಿ ಜೋಡಿ ಇದ್ಳು. ಸುಡು ಮಧ್ಯಾಹ್ನ. ಏರಿನ್ಯಾಗ ಕಾರು ಬಂದಾತು. ಗಾಳಿ ಇಲ್ಲ, ಆದ್ರ ಹೊಲದಾಗ ಒಣಗಿದ ತೊಗರಿ ಕಾಯಿ ಸಣ್ಣಗ ಅಲಗಾಡಾಕತ್ತಿದ್ವಂತ. ಸಾಹುಕಾರ್ರು ಮತ್ತ ಚಾಲೂ ಮಾಡಿದ್ರು, ಮತ್ತ ಬಂದಾತು. ಮೂರನೇ ಸಲ ಬ್ರೇಕ್ ಬಿಟ್ಟಾಗ ಕಾರು ಮೆಲ್ಲಕ ಹಿಂದ ಸರದು, ಸಮಾಧಿಗೆ ಸರಿಯಾಗಿ ಬಂದು ನಿಂತಿತು.

ಅಷ್ಟರಾಗ ಹಿಂದ ಜೀಪು ಬಂತು. ಸತ್ತಾಕಿ ತಮ್ಮ ಇಳದ. ಬೈತಾನಂತ ತಿಳದ್ರು, ಬೈಲಿಲ್ಲ. ಬಂದು ಮುಂದಿನ ಕಿಡಕ್ಯಾಗ ಬಗ್ಗಿ, ಹೊಸಾಕಿ ಮಾರಿ ನೋಡದ, ಆಕಿ ಹೆಗಲ ಹಿಂದ ಯಾರೋ ಇದ್ದಂಗ ನೋಡಿ, ಮೆತ್ತಗ ಅಂದ: "ಅಕ್ಕಾ, ಸ್ವಲ್ಪ ಸರಿ. ಅವರು ಹೋಗ್ಲಿ."

ಸಾಹುಕಾರ್ರು ಹೆದರಿ ಆಕ್ಸಿಲರೇಟರ್ ಪೂರಾ ತುಳದ್ರು. ಕಾರು ಎದ್ದು ಹೊಂಟಿತು. "ಹಗುರ ಗಾಲಿಗೆ ಮೊದಲಿಂದನ ಹಂಗ ತುಳೀಬೇಕ್ರಿ," ಅಂತ ಮಿಸ್ತ್ರಿ ಆಮ್ಯಾಲ ತಲಿ ಬಡಕೊಂಡ. ಆದ್ರ ಹೊಸಾಕಿ ಕೇಳಿದ್ದು ಕಿಡಕ್ಯಾಗಿನ ಮಾತು. ಅಲ್ಲಿಂದ ಆಳಂದತನಕ ಅರ್ಧಾ ಸೀಟು ಖಾಲಿ ಬಿಟ್ಟು, ಬಾಗಲಕ್ಕ ಅಂಟಿಕೊಂಡು ಬಂದ್ಳು. ನನ್ನ ಅಂಗಡಿ ಮುಂದ ಇಳಿಯೋವಾಗ ಖಾಲಿ ಸೀಟಿಗೆ, "ನೀವು ಕುಂದ್ರ್ರಿ, ನಾ ಬರ್ತೇನಿ" ಅಂದಿದ್ದು ನಾನೇ ಕೇಳೀನಿ.

೪. ಕೊಳಕೂರಿನಿಂದ ಕರಕೊಂಡು ಬಂದಿದ್ದು

ಮರುದಿನ ಆಕಿ ಗಂಟು ಕಟ್ಟಿ, ಬಸ್ಸು ಹತ್ತಿ, ಕೊಳಕೂರಿನ ತವರಿಗೆ ಹೋದ್ಳು. "ಕಾರಿನ್ಯಾಗ ಆಕಿ ಇರೋತನಕ ನಾ ಬರಂಗಿಲ್ಲ" ಅಂತ ಹೇಳಿ ಕಳಿಸಿದ್ಳು. ಎರಡು ತಿಂಗಳು ಹೋತು. ಸಾಹುಕಾರ್ರು ನನ್ನ ಬೆಂಚಿನ ಮ್ಯಾಲ ಬನ್ನು ಅದ್ದಿ ತಿಂದು ತಿಂದು ಗಲ್ಲ ಒಣಗಿಸಿಕೊಂಡ್ರು. "ಈಕೀನೂ ಹೋದ್ಳಂದ್ರ ನನ್ನ ಮನಿ ಮುಗೀತಬೇ," ಅಂದ್ರು. ನನ್ನ ಜೋಡಿ ಮನುಷ್ಯರಂಗ ಮಾತಾಡಿದ್ದು ಅದೇ ಮೊದಲು.

"ಭಾರ ಗಾಲಿ ಹಾಕು," ಅಂತ ಮಿಸ್ತ್ರಿಗೆ ಹೇಳಿದ್ರು.

"ತೆಗದ ಕಬ್ಬಿಣ ಮತ್ತ ಹಚ್ಚಾಕ ಅದೇನು ರೊಟ್ಟಿ ಹಿಟ್ಟೇನ್ರಿ?" ಅಂದು, ಸೋಲಾಪುರದ ಗುಜರಿಯಿಂದ ಇನ್ನೊಂದು ತಂದು ಹಾಕ್ದ. ಸಪ್ಪಳ ಪೂರಾ ನಿಂತಿತು.

ಸಾಹುಕಾರ್ರು ಕೊಳಕೂರಿಗೆ ಹೋದ್ರು. ಮಾವ ಬಾನೆಟ್ಟಿಗೆ ಕಿವಿ ಹಚ್ಚಿ ಬಾಳ ಹೊತ್ತು ಕೇಳಿ, ಮಗಳನ್ನ ಕಳಿಸಿದ. ಜೇವರ್ಗಿ ದಾಟಿದ್ರು, ಅಫಜಲಪುರ ದಾಟಿದ್ರು, ಹಳ್ಳದ ತಿರುವು ನಿಲ್ಲದ ದಾಟಿದ್ರು. ನನ್ನ ಅಂಗಡಿ ಎದುರಿಗೆ ಕಾರು ನಿಂತಾಗ ಆಕಿ ಮೆಲ್ಲಕ ಕೇಳಿದ್ಳು:

"ಅವರು ಇಳದ್ರೇನ್ರಿ?"

"ಇಳದ್ಳು. ಗಾಲಿ ಬದಲಿ ಮಾಡಿಸೀನಿ."

"ಎಲ್ಲಿ ಇಳದ್ರು?"

ಸಾಹುಕಾರ್ರು ಹೊರಳಿ ಹಿಂದಿನ ಸೀಟು ನೋಡಿದ್ರು.

"ಕಾರಿನ್ಯಾಗ ಇದ್ದಾಗ ಎಲ್ಲಿದಾರಂತ ಗೊತ್ತಿತ್ತು. ಈಗ ಮನ್ಯಾಗ ಹೋಗಿ ಕುಂತಿದ್ರ? ಆ ಅಡಗಿಮನಿ ಮೊದಲು ಅವರದೇ ಇತ್ತಲ್ರಿ. ನಾ ಒಲಿ ಮುಂದ ಒಬ್ಬಾಕಿ ಕುಂತಿರ್ತೇನಿ."

ನನ್ನ ಕೈಯಾಗಿನ ಕೆಟಲು ತಣ್ಣಗಾತು. ಆಕಿ ಬೆಂಚಿನ ಮ್ಯಾಲ ಕುಂತು, ಹಗುರ ಗಾಲಿ ಮತ್ತ ಹಾಕೋತನಕ ಮನಿ ಹೊಸ್ತಿಲ ತುಳಿಯಂಗಿಲ್ಲ ಅಂದ್ಳು. ಮಿಸ್ತ್ರಿ ಬೆವರು ಸುರಿಸಿ ಎಂಜಿನ್ ಬಿಚ್ಚಿ, ಗಾಲಿ ಹಾಕಿ, ಚಾಲೂ ಮಾಡ್ದ. ಛಣ್, ಛಣ್. ಆಕಿ ಮಾರಿಗೆ ಕಳಿ ಬಂತು. "ಹಾಂ, ಇಲ್ಲೇ ಇದಾರ," ಅಂತ ಗಂಟು ಎತ್ತಿಕೊಂಡು ನಡಕೋತ ಮನಿಗೆ ಹೋದ್ಳು.

ಮಿಸ್ತ್ರಿ ಕೈ ಒರಸಿಕೊಂಡು ಅಂದ, "ದೆವ್ವ ಬಿಡಿಸೋರನ್ನ ಬಾಳ ನೋಡೀನಿ. ಫಿಟಿಂಗ್ ಮಾಡಿಸೋರನ್ನ ಇವತ್ತೇ ನೋಡಿದ್ದು."

೫. ಎರಡು ಡಬ್ಬಿ

ಅವತ್ತಿನಿಂದ ಹಿರಿಯಾಕಿಗೆ ಕಾರು, ಕಿರಿಯಾಕಿಗೆ ಮನಿ. ಕಿರಿಯಾಕಿ ಎಲ್ಲಿಗೆ ಹೋದ್ರೂ ಬಸ್ಸು. ಜೀಪಿನಾಂವನೂ ಅಕ್ಕ ಕುಂತ ಕಾರು ಹಿಂದ ಹಾಕಬಾರದಂತ ಮೆಲ್ಲಕ ಹಿಂದಿಂದ ಬರ್ತಿದ್ದ. ಆ ಗಾಲೀಲೆ ತಾವು ಗೆದ್ರೋ ಇಲ್ಲೋ ಸಾಹುಕಾರರಿಗೆ ಕಡೀತನಕ ತಿಳೀಲಿಲ್ಲ.

ಕಿರಿಯಾಕಿ ದಿನಾ ಮುಂಜಾನಿ ಎರಡು ಡಬ್ಬಿ ಕಟ್ಟತಿದ್ಳು. ಒಂದು ಗಂಡಗ. ಇನ್ನೊಂದು ಮುಚ್ಚಳಕ್ಕ ಕುಂಕುಮ ಹಚ್ಚಿ ಮುಂದಿನ ಸೀಟಿನ ಮ್ಯಾಲ. ಮೂರು ಜ್ವಾಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಆ ಡಬ್ಬಿ ತುಂಬಿದ್ದು ತಿರಗಿ ಬಂದ್ರ, "ಸಿಟ್ಟಾಗ್ಯಾರ, ಇವತ್ತು ಮನಿಗೆ ಬರ್ತಾರ" ಅಂತ ಆಕಿ ರಾತ್ರಿ ಕಣ್ಣು ಮುಚ್ಚತಿರಲಿಲ್ಲ. ಅದಕ್ಕ ಸಾಹುಕಾರ್ರು ಮಧ್ಯಾಹ್ನ ಡಬ್ಬಿ ತಂದು ನನ್ನ ಬೆಂಚಿನ ಮ್ಯಾಲ ಇಟ್ಟು, ಆ ಕಡೆ ಮಾರಿ ತಿರುವಿ ನಿಲ್ಲೋರು. ನಾನು ತಿಂತಿದ್ದೆ. ಬದುಕಿರೋ ನನಗ ನನ್ನ ಸೊಸಿ ಅಂಥಾ ಎಣಗಾಯಿ ಮಾಡಿ ಹಾಕಿಲ್ಲ. "ದಿನಾ ಉಣ್ತಾಳಂತ ನೋಡ್ರಿ," ಅಂತ ಊರೆಲ್ಲಾ ಸುದ್ದಿ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಜೀವಮಾನದಾಗ ಒಂದೇ ಸುದ್ದಿ ನಾನು ಯಾರಿಗೂ ಹೇಳದ ಇಟ್ಟಿದ್ದು.

ಒಂದು ಅಮಾಸಿ ದಿನ ಭೂಸನೂರಿನ ಮಗಳ ಮನಿಗೆ ಹೋಗಿದ್ದೆ. ಅಲ್ಲಿ ಉಣ್ಣಾಕ ಕುಂತಾಗ ನೆನಪಾತು. ಇವತ್ತು ಡಬ್ಬಿ ಯಾರು ತಿಂದ್ರು? ಮರುದಿನ ಬಂದು ಕೇಳ್ದೆ.

"ಖಾಲಿ ಇತ್ತು," ಅಂದ್ರು ಸಾಹುಕಾರ್ರು. ಅವರಿಗೆ ಅವತ್ತು ಉಪವಾಸ. "ತಿರುವಿನ್ಯಾಗ ಕಾರು ಬಂದಾತು. ಇಳದು ಬಾನೆಟ್ ಎತ್ತಿದೆ. ತಿರಗಿ ಬಂದು ನೋಡಿದ್ರ ಡಬ್ಬಿ ಹಗುರ. ಮುಚ್ಚಳ ಮುಚ್ಚಿತ್ತು. ಕುಂಕುಮ ಅಳಸಿರಲಿಲ್ಲ. ನೀನೇ ಹೆಂಗಾರ ಬಂದು ತಿಂದೀಯಂತ ತಿಳದಿದ್ದೆ."

ನಾನು ಬಿಡೋ ಹೆಣ್ಣಲ್ಲ. ಎಲ್ಲಾ ಕಡೆ ಕೆದರಿ ಕೇಳೀನಿ. ಮಿಸ್ತ್ರಿ ಅವತ್ತು ಅಂಗಡಿ ತೆಗದಿರಲಿಲ್ಲ. ಜೀಪಿನಾಂವ ಸೋಲಾಪುರದಾಗಿದ್ದ. ಹೊಲದಾಗ ಆಳೂ ಇರಲಿಲ್ಲ.

ನಾನು ಇಂಥಾದ್ದು ನಂಬಾಕಿ ಅಲ್ಲ. ಗಾಲಿ ತೂಕ, ಗೇರಿನ ಹಲ್ಲು ಎಲ್ಲಾ ತಿಳದಾಕಿ. ಆದ್ರೂ ಮುಂದಿನ ಡಬ್ಬಿ ಬಂದಾಗ ಎರಡೇ ರೊಟ್ಟಿ ತಿಂದೆ. ಒಂದು ರೊಟ್ಟಿ, ಹಿಂಡಿ ಹಿರಿಯಾಕಿ ಪಾಲಿಗೆ ಬಿಟ್ಟು, ಮುಚ್ಚಳ ಹಾಕಿ, ಕೈ ಮುಗದು ಮುಂದಿನ ಸೀಟಿನ ಮ್ಯಾಲ ಇಟ್ಟೆ. ಎಣಗಾಯಿ ಮಾತ್ರ ಬಿಟ್ಟಿಲ್ಲ. ಹೆದರಿಕಿಗೂ ಒಂದು ಮಿತಿ ಇರ್ತದ.